ನಡುದನಿಯ ಹಾಳೆ

ನವೆಂಬರ್ 27, 1988. ಭಾನುವಾರ

ಇವತ್ತೂ ಅಭ್ಯಾಸ ಇಲ್ಲ. ಇದು ಮೂರನೇ ಭಾನುವಾರ. ಕೋಟು ಹಾಕಿ, ಹಾಳೆಯನ್ನು ಚೀಲದಲ್ಲಿಟ್ಟು, ಒಲೆ ಸಣ್ಣ ಮಾಡಿ, ಇನ್ನೇನು ಹೊರಡಬೇಕು — ಫೋನು. ಅಕ್ಕ ಹೈಲ್ವೆನ್. ಗಂಟಲು ಇನ್ನೂ ಕಟ್ಟಿಕೊಂಡೇ ಇದೆಯಂತೆ.

"ಮಾತಾಡಿದ್ರೆ ಉರಿಯುತ್ತೆ ಕಣೇ. ಮುಂದಿನ ವಾರ ನೋಡೋಣ."

ಮುಂದಿನ ವಾರ ಎಂದರೆ ಡಿಸೆಂಬರ್ ಬಂತು. ಪೊಂಟ್‌ವೆನ್ ಚರ್ಚಿನ ಪ್ಲಗೈನ್, ಕ್ರಿಸ್‌ಮಸ್ ಕಾಲದ ಹಾಡಿನ ಸಂಜೆ, ಹದಿನೆಂಟಕ್ಕೆ. ನಮ್ಮೂರ ಚರ್ಚಿನದು ಜನವರಿ ಎಂಟಕ್ಕೆ. ಅಕ್ಕ ಮೇಲಿನ ದನಿ, ನಾನು ನಡುದನಿ, ದೊಡ್ಡಪ್ಪನ ಮಗ ಎಮ್ರಿಸ್ ಕೆಳದನಿ. ಇರುವುದೇ ಮೂರು ಜನ. ಹಾಲು ಕರೆಯುವ ಸ್ಟೂಲಿನ ಹಾಗೆ. ಒಂದು ಕಾಲು ಹೋದರೆ ನೆಲಕ್ಕೆ.

ಕೋಟು ಬಿಚ್ಚದೆ ಅಡುಗೆಮನೆಯಲ್ಲೇ ಕುಳಿತಿದ್ದೆ. ಗೆಥಿನ್ ಕುರಿಗಳಿಗೆ ಹುಲ್ಲು ಹಾಕಿ ಬಂದವನು ನೋಡಿದ.

"ಗಂಟಲು ಕೆಟ್ಟಿರೋದು ಅವಳದ್ದು. ನಿನ್ನ ಮುಖ ಯಾಕೆ ಹಂಗಾಗಿದೆ?"

ಗಂಡನಿಗೆ ಎಲ್ಲ ತಮಾಷೆ. ಬರೀ ಶೀತ ಆಗಿರದಿದ್ದರೆ? ಶಾಲೆಯ ಅಡುಗೆಮನೆಯಲ್ಲಿ ನನ್ನ ಜೊತೆ ಆಲೂಗಡ್ಡೆ ಹೆಚ್ಚುವವಳ ಅತ್ತೆಗೂ ಹೀಗೇ ಕೆಮ್ಮಿನಿಂದ ಶುರುವಾಗಿ... ಬರೆಯಬಾರದು. ಬರೆದರೆ ಆಗಿಬಿಡುತ್ತದೆ ಅನಿಸುತ್ತದೆ.

ನವೆಂಬರ್ 30. ಬುಧವಾರ

ಕೆಲಸ ಮುಗಿಸಿ ಅಕ್ಕನ ಮನೆಗೆ ಹೋದೆ. ಜೇನುತುಪ್ಪ, ಕುರಿಮಾಂಸದ ಸಾರು ಒಂದು ಡಬ್ಬಿ. ಬಾಗಿಲು ತಟ್ಟುವಾಗ ಒಳಗೆ ಪಿಯಾನೋ ಕೇಳುತ್ತಿತ್ತು. ತಟ್ಟಿದ ಮೇಲೆ ನಿಂತಿತು. ಪಿಯಾನೋ ನುಡಿಸುವುದಕ್ಕೆ ಗಂಟಲು ಬೇಡವಲ್ಲ. ಸರಿ.

ಕುತ್ತಿಗೆಗೆ ಉಣ್ಣೆಯ ಶಾಲು. ಮಾತು ಪಿಸುಪಿಸು.

"ಡಾಕ್ಟ್ರು ಹಾಡಲೇಬೇಡಿ ಅಂದಿದ್ದಾರೆ ಕಣೇ ಟೆಗ್. ಈ ವರ್ಷ ಬಿಟ್ಟುಬಿಡೋಣ."

"ಪೊಂಟ್‌ವೆನ್ ಬಿಡೋಣ. ನಮ್ಮೂರದ್ದು?"

"ಅದೂ."

ಅಪ್ಪ ಸತ್ತ ವರ್ಷವೂ ಬಿಟ್ಟಿಲ್ಲ. ಅವನನ್ನು ಮಣ್ಣು ಮಾಡಿ ಹನ್ನೊಂದು ದಿನಕ್ಕೆ ಹಾಡಿದ್ದೆವು. ಅತ್ತುಬಿಟ್ಟೆ. ಐವತ್ತು ವರ್ಷದ ಹೆಂಗಸು, ಅವಳ ಅಡುಗೆಮನೆಯಲ್ಲಿ. ಅವಳು ನನ್ನ ಬೆನ್ನು ಸವರಿದಳು. ಚಿಕ್ಕಂದಿನಲ್ಲಿ ಸವರುತ್ತಿದ್ದ ಹಾಗೇ.

ಹೊರಡುವಾಗ ಕೇಳಿದಳು: "ನಿನ್ನ ಹಾಳೆ ಇದೆಯಲ್ಲ, ಅಪ್ಪ ಬರೆದಿದ್ದು. ಮಡಿಕೆ ಮಡಿಕೆ ಹರಿದುಹೋಗ್ತಿದೆ. ಕೊಟ್ಟಿರು, ನಾನು ಬೇರೆ ಬರೆದಿಡ್ತೀನಿ."

ಕೊಟ್ಟೆ. ಅವಳ ಅಕ್ಷರ ಚೆಂದ. ಟೌನಿನ ಹೈಸ್ಕೂಲಿನಲ್ಲಿ ಸಂಗೀತ ಕಲಿಸುವವಳು. ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿದಳು. ನನಗಿಂತ ಜೋಪಾನ.

ಡಿಸೆಂಬರ್ 4. ಭಾನುವಾರ

ಹಾಳೆ ಇಲ್ಲದ ಚೀಲ ಹಗುರ ಅನಿಸುತ್ತದೆ. ಒಂದು ಕಾಗದ ಎಷ್ಟು ತೂಗುತ್ತದೆ, ಸುಳ್ಳು. ಆದರೂ.

ಹನ್ನೆರಡನೇ ವಯಸ್ಸಿಗೆ ಶ್ವಾಸಕೋಶದ ಕ್ಷಯ ಬಂದು ಬೆಟ್ಟದ ಆಸ್ಪತ್ರೆಯಲ್ಲಿ ಎರಡು ವರ್ಷ ಮಲಗಿದ್ದೆ. ವಾಪಸು ಬಂದಾಗ ನನ್ನ ತರಗತಿಯವರು ಎಲ್ಲೋ ಮುಂದೆ ಹೋಗಿದ್ದರು. ಶಾಲೆ ಅಲ್ಲಿಗೆ ಮುಗಿಯಿತು. ಆ ಕ್ರಿಸ್‌ಮಸ್‌ಗೆ ಅಪ್ಪ ಈ ಮಟ್ಟು ಕಟ್ಟಿದ. 'ಕೊಟ್ಟಿಗೆಯ ಬೆಳಕು' ಹಾಡಿನ ಮಾತು ಎಲ್ಲರದ್ದು. ಮುನ್ನೂರು ವರ್ಷದ್ದು ಎನ್ನುತ್ತಾರೆ. ಈ ಕಣಿವೆಯಲ್ಲೇ ಅದಕ್ಕೆ ನಾಲ್ಕೈದು ಮಟ್ಟು ಇವೆ. ಮೂರು ದನಿಯದು ಅಪ್ಪನದು ಒಂದೇ. ಒಬ್ಬೊಬ್ಬರಿಗೆ ಒಂದೊಂದು ಹಾಳೆ ಬರೆದುಕೊಟ್ಟ. ಗೆರೆ ಮೇಲೆ ಚುಕ್ಕಿ ಇಡುವ ಬರಹವಲ್ಲ, ದೋ ರೇ ಮೀ ಫಾ ಸೋ ಲಾ ಟೀ, ಸ್ವರದ ಮೊದಲ ಇಂಗ್ಲಿಷ್ ಅಕ್ಷರ ಇಡುವ ಬರಹ. ನನಗೆ ಬರುತ್ತಿದ್ದುದು ಅದೊಂದೇ. ಮಂಚದ ಮೇಲೆ ಕುಳಿತು ಒಬ್ಬಳೇ ಕಲಿತೆ. ಅಪ್ಪ ಬಂದು ಕೇಳಿದ. ಏನೂ ಹೇಳಲಿಲ್ಲ, ತಲೆಯ ಮೇಲೆ ಕೈ ಇಟ್ಟ.

ಮೂವತ್ತಾರು ವರ್ಷ. ನಾವು ಎದ್ದು ಮುಂದೆ ಹೋದರೆ ಸಾಕು, ಹಿಂದಿನ ಬೆಂಚುಗಳಲ್ಲಿ ಕೆಮ್ಮು ನಿಲ್ಲುತ್ತದೆ. ಪ್ರತಿ ಚರಣದ ಮೂರನೇ ಸಾಲಿನಲ್ಲಿ ಅಕ್ಕನ ದನಿಗೂ ನನ್ನ ದನಿಗೂ ಒಂದು ಉಜ್ಜಾಟ ಇದೆ. ಮುದುಕ ಗೊರೊನ್ವಿ ಅದಕ್ಕೆ 'ನಂತ್‌ಗ್ವಿನ್ ಚಿವುಟು' ಎಂದು ಹೆಸರಿಟ್ಟಿದ್ದಾನೆ. ನಂತ್‌ಗ್ವಿನ್ ನಮ್ಮ ತವರುಮನೆ. "ಬಂತು ನೋಡ್ರಪ್ಪಾ ಚಿವುಟು" ಎಂದು ಪಕ್ಕದವನಿಗೆ ಮೊಣಕೈ ತಿವಿಯುತ್ತಾನೆ. ಅಪ್ಪನ ತಲೆಯೇ ತಲೆ. ಎಲ್ಲಿಂದ ಹೊಳೆಯಿತೋ.

ಡಿಸೆಂಬರ್ 9. ಶುಕ್ರವಾರ

ಮೇವಿನ ಅಂಗಡಿ ಹತ್ತಿರ ಎಮ್ರಿಸ್ ಸಿಕ್ಕ. ನನ್ನನ್ನು ನೋಡಿ ಲಾರಿಯ ಕೆಳಗೆ ಬಗ್ಗಿದ.

"ಅಕ್ಕನ ಗಂಟಲು ಹೇಗಿದೆಯಂತೆ? ನಿಂಗೇನಾದ್ರೂ ಹೇಳಿದಳಾ? ನನ್ ಹತ್ರ ಮುಚ್ಚಿಡ್ತಿದ್ದಾಳೆ ಅನ್ಸುತ್ತೆ."

"ಗಂಟ್ಲು... ಹಾಂ. ಇದೆ. ಹಂಗೇ ಇದೆ."

"ಹಂಗೇ ಅಂದ್ರೆ ಹೆಂಗೆ?"

"ಟೆಗ್, ನಂಗೆ ಈ ಟೈರ್ ನೋಡ್ಬೇಕಿತ್ತು."

ಟೈರು ಚೆನ್ನಾಗಿಯೇ ಇತ್ತು. ಅವನಿಗೆ ಗೊತ್ತಿದೆ. ದೊಡ್ಡದೇ ಏನೋ ಇದೆ. ಆಸ್ಪತ್ರೆಗೆ ಸೇರಿಸುತ್ತಾರೋ ಏನೋ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ನಮ್ಮ ಮುಂದಿನ ಕೋಣೆ ಬಿಸಿಯಾಗಿದೆ. ಮಂಚ ಅಲ್ಲಿ ಹಾಕಬಹುದು. ಗೆಥಿನ್‌ಗೆ ಹೇಳಿದೆ. "ಬರ್ಲಿ, ಟಿವಿ ಎಲ್ಲಿಡ್ತೀಯ?" ಅಂದ.

ಡಿಸೆಂಬರ್ 17. ಶನಿವಾರ

ನಾಳೆ ಪೊಂಟ್‌ವೆನ್. ಕೇಳುವುದಕ್ಕಾದರೂ ಹೋಗೋಣ ಅಂದುಕೊಂಡೆ. ಅಕ್ಕನಿಗೆ ಫೋನ್ ಮಾಡಿ ಕರೆದೆ. ತಣ್ಣನೆ ಗಾಳಿ ಬೇಡ, ಮನೆಯಲ್ಲೇ ಇರುತ್ತೇನೆ ಎಂದಳು. "ನೀನೂ ಹೋಗ್ಬೇಡ ಕಣೇ, ರಸ್ತೆ ಮೇಲೆ ಐಸ್ ಇದೆ. ಎದೆಗೆ ಶೀತ ಹಿಡಿಯುತ್ತೆ."

ಅಂಥ ಸ್ಥಿತಿಯಲ್ಲೂ ನನ್ನ ಎದೆಯ ಚಿಂತೆ ಅವಳಿಗೆ.

ಡಿಸೆಂಬರ್ 19. ಸೋಮವಾರ, ಬೆಳಿಗ್ಗೆ 6

ಬರೆಯಬೇಕು. ಬರೆಯದಿದ್ದರೆ ಶಾಲೆಯಲ್ಲಿ ಮಕ್ಕಳ ಎದುರು ಬಾಯಿ ಬಿಟ್ಟುಬಿಡುತ್ತೇನೆ.

ಹೋಗಿದ್ದೆವು, ಗೆಥಿನ್ ಮತ್ತು ನಾನು. ಕಂಬದ ಹಿಂದಿನ ಬೆಂಚು ಸಿಕ್ಕಿತು. ಪಾದ್ರಿ ಪ್ರಾರ್ಥನೆ ಮುಗಿಸಿ "ಪ್ಲಗೈನ್ ತೆರೆದಿದೆ" ಎಂದು ಕುಳಿತರು. ಆಮೇಲೆ ಎಂದಿನ ಹಾಗೆ. ಯಾರೂ ಹೆಸರು ಕರೆಯುವುದಿಲ್ಲ. ಒಂದು ಗುಂಪು ಎದ್ದು ಮುಂದೆ ಹೋಗುತ್ತದೆ, ಶ್ರುತಿ ಹಿಡಿಯುತ್ತದೆ, ಹಾಡುತ್ತದೆ, ತಲೆ ತಗ್ಗಿಸಿ ವಾಪಸು ಬರುತ್ತದೆ. ಚಪ್ಪಾಳೆ ಇಲ್ಲ. ಮತ್ತೊಂದು ಗುಂಪು. ಎರಡು ಗುಂಪಾಯಿತು. ಮೂರನೆಯದಕ್ಕೆ ಎದುರು ಸಾಲಿನಿಂದ ಎದ್ದವರು — ನನ್ನ ಅಕ್ಕ. ಅವಳ ಹಿಂದೆ ಎಮ್ರಿಸ್. ನಡುವೆ ಲೋವ್ರಿ, ಅಕ್ಕನ ಶಾಲೆಯಲ್ಲೇ ಸಂಗೀತ ಕಲಿಸುವವಳು.

ಕುತ್ತಿಗೆಯಲ್ಲಿ ಶಾಲು ಇರಲಿಲ್ಲ.

ಮೊದಲು ಖುಷಿ ಆಯಿತು. ದೇವರಾಣೆ. ಗಂಟಲು ವಾಸಿಯಾಗಿದೆ, ಆಸ್ಪತ್ರೆ ಇಲ್ಲ, ಏನೂ ಇಲ್ಲ ಎಂದು. ಗೆಥಿನ್ ಕೈ ಹಿಡಿದುಕೊಂಡೆ. ಆಮೇಲೆ ಎಮ್ರಿಸ್ ಶ್ರುತಿ ಕವೆಯನ್ನು ಮಂಡಿಗೆ ತಟ್ಟಿ ಕಿವಿಗೆ ಹಿಡಿದ. ಮೂವರೂ ಬಾಯಿ ತೆರೆದರು.

ಅಪ್ಪನ ಮಟ್ಟು. ನನ್ನ ಜಾಗದಲ್ಲಿ ಲೋವ್ರಿ. ನನ್ನ ಹಾಳೆ ಅವಳ ಕೈಯಲ್ಲಿ, ಹೊಸ ರಟ್ಟಿನ ಮೇಲೆ.

ಎದ್ದು ಹೋಗಬೇಕಿತ್ತು. ಕೂತೇ ಇದ್ದೆ. ಬಾಯಿ ತಾನೇ ತಾನಾಗಿ ಅಲುಗುತ್ತಿತ್ತು, ದನಿ ಇಲ್ಲದೆ. ಮೂರನೇ ಸಾಲು ಬಂತು. ಅಲ್ಲಿ ಲೋವ್ರಿ ತಪ್ಪಿದಳು. ಟೀ ಹಾಡುವ ಕಡೆ ಲಾ ಹಾಡಿಬಿಟ್ಟಳು. ಒಂದು ಮೆಟ್ಟಿಲು ಕೆಳಗೆ. ಉಜ್ಜಾಟವೇ ಇಲ್ಲ. ನೀರು ಹರಿದ ಹಾಗೆ ಹೋಗಿಬಿಟ್ಟಿತು. ಎರಡನೇ ಚರಣದಲ್ಲೂ ಅದೇ ತಪ್ಪು. ಹನ್ನೊಂದು ಚರಣ, ಹನ್ನೊಂದು ಸಲವೂ. ನನಗೆ ಅವಳ ಮೇಲೆ ಅಯ್ಯೋ ಅನ್ನಿಸಿತು. ಅಷ್ಟು ಕಲಿತವಳು, ಪಾಪ, ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ ಎಂದು.

ಊಟಕ್ಕೆ ನಿಲ್ಲಲಿಲ್ಲ. ಕಾರಿನಲ್ಲಿ ಗೆಥಿನ್ ಅರ್ಧ ದಾರಿ ಆದ ಮೇಲೆ "ಹೀಟರ್ ಜಾಸ್ತಿ ಮಾಡ್ಲಾ?" ಅಂದ.

ಡಿಸೆಂಬರ್ 20

ಎಮ್ರಿಸ್‌ಗೆ ಫೋನ್ ಮಾಡಿದೆ. "ನಿಂಗೆ ಹೇಳಿದ್ದೀನಿ ಅಂದಿದ್ಲು ಟೆಗ್. ನೀನು ಒಪ್ಪಿದ್ದೀಯ ಅಂದಿದ್ಲು."

ಹಾಗಿದ್ದರೆ ಟೈರ್ ಯಾಕೆ ನೋಡಿದೆ ಎಂದು ಕೇಳಿದೆ. ಇಟ್ಟುಬಿಟ್ಟ.

ಡಿಸೆಂಬರ್ 22. ಗುರುವಾರ

ಅಕ್ಕ ತಾನಾಗಿಯೇ ಬಂದಳು. ನಾನು ಪೊಂಟ್‌ವೆನ್‌ನಲ್ಲಿ ಕಂಬದ ಹಿಂದೆ ಇದ್ದೆ ಎಂದು ಯಾರೋ ಹೇಳಿದ್ದಾರೆ. ಕೈಯಲ್ಲಿ ಒಣದ್ರಾಕ್ಷಿ ಬ್ರೆಡ್ಡು, ನನ್ನ ಹಾಳೆ. ಕೋಟು ಬಿಚ್ಚಲಿಲ್ಲ. ನಾನೂ ಬಿಚ್ಚು ಅನ್ನಲಿಲ್ಲ.

"ಗಂಟಲು ಹೇಗಿದೆ?" ಎಂದೆ.

"ಟೆಗ್, ಬೈಯೋದಾದ್ರೆ ಬೈದ್ಬಿಡು."

"ಬೈಯೋದಕ್ಕೆ ನಂಗೆ ಬರಲ್ಲ. ನೀನು ಕಾಲೇಜಿಗೆ ಹೋದವಳು, ನೀನೇ ಬೈಕೋ. ಆದ್ರೆ ಒಂದ್ ಮಾತು. ನನ್ನ ಬಿಟ್ಟು ಬೇರೆಯವಳನ್ನ ಕಟ್ಕೊಂಡೆ, ಸರಿ. ಅವಳಿಗೆ ಸರಿಯಾಗಿಯಾದ್ರೂ ಕಲಿಸ್ಬಾರ್ದಾ? ಮೂರನೇ ಸಾಲಲ್ಲಿ ಪ್ರತಿ ಸಲ ತಪ್ಪು. ಅಪ್ಪನ ಚಿವುಟೇ ಇಲ್ಲ."

ಅವಳು ನನ್ನನ್ನು ನೋಡಿದ ರೀತಿ. ಆಸ್ಪತ್ರೆಯಲ್ಲಿ ಡಾಕ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದರಲ್ಲ, ಹಾಗೆ.

"ತಪ್ಪು ಅವಳದ್ದಲ್ಲ ಕಣೇ."

ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದಳು. ಮೂರನೇ ಸಾಲು. ಬೆರಳಿಟ್ಟಳು. ಉದ್ದ ಗೀಟು ಒಂದೇ ಇದ್ದರೆ ಅದು 'l', ಲಾ. ಅದರ ಮೇಲೆ ಅಡ್ಡಗೀಟು ಬಿದ್ದರೆ 't', ಟೀ. ಇಲ್ಲಿ ಅಡ್ಡಗೀಟು ಇದೆ. ಆದರೆ ಅದು ಗೀಟಲ್ಲವಂತೆ. ಮೇಲಿನ ಸಾಲಿನಲ್ಲಿರುವ ಮಾತಿನ ಕೊನೇ ಅಕ್ಷರದ ಬಾಲ, ಇಳಿದು ಬಂದು ಅಡ್ಡ ಬಿದ್ದಿದೆ. ಅಪ್ಪ ಬರೆದದ್ದು ಲಾ.

"ಅವನ ಪುಸ್ತಕದಲ್ಲೂ ಲಾ ಇದೆ. ನೀನು ಮಂಚದ ಮೇಲೆ ಕೂತು ಟೀ ಅಂತ ಕಲಿತ್ಬಿಟ್ಟೆ."

"ಅಪ್ಪ ಕೇಳಿದ್ನಲ್ಲ. ಬಂದು ಕೇಳಿದ್ನಲ್ಲ!"

"ಕೇಳಿದ. ಹೊರಗೆ ಬಂದು ನಂಗೂ ಎಮ್ರಿಸ್‌ಗೂ ಹೇಳಿದ. ಯಾರೂ ಏನೂ ಅನ್ಬೇಡಿ, ಅವಳು ಈಗಷ್ಟೇ ಎದ್ದಿದ್ದಾಳೆ, ಅತ್ರೆ ಕೆಮ್ಮು ಬರುತ್ತೆ ಅಂದ. ಮುಂದಿನ ವರ್ಷ ಸರಿ ಮಾಡೋಣ ಅಂದ."

"ಮುಂದಿನ ವರ್ಷ?"

"ಮುಂದಿನ ವರ್ಷ ಊರಿನವರೆಲ್ಲ ಅದಕ್ಕೆ ಹೆಸರಿಟ್ಟಾಗಿತ್ತು."

ಅವಳು ಕಿಟಕಿ ಕಡೆ ತಿರುಗಿ ಹೇಳಿದಳು, ಮೂವತ್ತಾರು ವರ್ಷ ಆ ಜಾಗ ಬಂದಾಗೆಲ್ಲ ಹೊಟ್ಟೆ ಬಿಗಿ ಹಿಡಿಯುತ್ತಿದ್ದೆ ಎಂದು. ಸಾಯುವುದರೊಳಗೆ ಒಂದೇ ಒಂದು ಸಲ ಅಪ್ಪ ಬರೆದ ಹಾಗೆ ಕೇಳಬೇಕು ಅನಿಸಿತು ಎಂದು.

"ಹಂಗಾದ್ರೆ ನಂಗೆ ಹೇಳ್ಬೇಕಿತ್ತು. ತಿದ್ಕೋತಿದ್ದೆ."

"ಹೇಗೆ ಹೇಳ್ಲಿ? ನೀನು ಅಳ್ತೀಯ."

ಅಳುತ್ತಲೇ ಇದ್ದೆ.

"ಪೊಂಟ್‌ವೆನ್‌ನಲ್ಲಿ ಕೇಳ್ಕೊಂಡ್ಯಲ್ಲ, ಸಾಕಾಯ್ತಲ್ಲ?"

ಹಾಳೆಯನ್ನು ಮತ್ತೆ ಮಡಿಚಿದಳು. ಆಮೇಲೆ ಮೆಲ್ಲಗೆ, "ನಮ್ಮೂರಲ್ಲೂ ಒಂದ್ಸಲ ಹಾಡ್ಬೇಕು ಟೆಗ್. ಅಪ್ಪ ಅಲ್ಲೇ ಇದ್ದಾನೆ."

ಗೋರಿಯ ಮಾತು. ಚರ್ಚಿನ ಅಂಗಳದಲ್ಲಿ.

ಡಿಸೆಂಬರ್ 25. ಕ್ರಿಸ್‌ಮಸ್

ಬಾತುಕೋಳಿ ಹೊರಗೆ ಕಪ್ಪು, ಒಳಗೆ ಹಸಿ. ಗೆಥಿನ್ ಪೂರ್ತಿ ತಿಂದ. ತಿಂದಾದ ಮೇಲೆ ಕೇಳಿದೆ, ನಿನಗೂ ಗೊತ್ತಿತ್ತಾ.

"ನಂಗೇನು ಸಂಗೀತ ಗೊತ್ತು?"

"ಗೊತ್ತಿತ್ತಾ ಇಲ್ವಾ?"

"...ಅಲ್ಲಿ ಬಂದಾಗ ಹಲ್ಲು ಜುಮ್ ಅಂತಿತ್ತು. ಐಸ್‌ಕ್ರೀಮ್ ಕಚ್ಚಿದಂಗೆ. ಬೇಕಂತಲೇ ಮಾಡ್ತೀರ ಅನ್ಕೊಂಡಿದ್ದೆ."

ಅವನೊಬ್ಬನೇ ನಿಜ ಹೇಳಿದ್ದು. ಅದಕ್ಕೂ ಅವನ ಮೇಲೆ ರೇಗಿದೆ.

ಹಾಗಾದರೆ ಗೊರೊನ್ವಿ ಮೊಣಕೈ ತಿವಿಯುತ್ತಿದ್ದುದು? "ಬಂತು ನೋಡ್ರಪ್ಪಾ" ಅನ್ನುತ್ತಿದ್ದುದು? ನಾನು ಪ್ರತಿ ಸಲ ಅವನ ಕಡೆ ನೋಡಿ ಒಂದು ಚೂರು ನಗುತ್ತಿದ್ದೆ. ಗರ್ವದಿಂದ. ಇಡೀ ಚರ್ಚಿನ ಎದುರು.

ಡಿಸೆಂಬರ್ 29

ಮೂರು ದಿನದಿಂದ ಹಾಳೆ ನೋಡುತ್ತಿದ್ದೇನೆ. ಗೆಥಿನ್ ಪತ್ರಿಕೆ ಓದುವ ಭೂತಗನ್ನಡಿ ಇಟ್ಟುಕೊಂಡು. ಒಂದು ಸಲ ಬಾಲ ಅನಿಸುತ್ತದೆ, ಒಂದು ಸಲ ಗೀಟು ಅನಿಸುತ್ತದೆ. ಅಪ್ಪನ ಬೇರೆ ಟೀಗಳ ಗೀಟು ಮೇಲೆ ಇದೆ. ಇದರದ್ದು ಕೆಳಗೆ. ಬಾಲವೇ ಇರಬೇಕು. ಹೌದು, ಬಾಲವೇ.

ಲಾ ಹಾಡಿ ನೋಡಿದೆ. ಪಾತ್ರೆ ತೊಳೆಯುತ್ತ. ಗಂಟಲು ಒಪ್ಪುವುದಿಲ್ಲ. ಲಾ ಎಂದುಕೊಂಡೇ ಬಾಯಿ ತೆರೆದರೆ ಟೀ ಬರುತ್ತದೆ. ಹಳೆಯ ಕುದುರೆಯನ್ನು ಯಾವ ಕಡೆ ಎಳೆದರೂ ತನ್ನ ಲಾಯಕ್ಕೇ ಹೋಗುತ್ತದಲ್ಲ, ಹಾಗೆ.

ಅಪ್ಪನ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ? ಸತ್ತು ಒಂಬತ್ತು ವರ್ಷ. ತಲೆಯ ಮೇಲೆ ಇಟ್ಟ ಕೈ. ಅದು ಚೆನ್ನಾಗಿ ಹಾಡಿದೆ ಮಗಳೇ ಎಂದಲ್ಲ. ಇರಲಿ ಪಾಪ ಎಂದು. ಮೂವತ್ತಾರು ವರ್ಷ ಎಲ್ಲರೂ ನನಗೆ 'ಇರಲಿ ಪಾಪ' ಎಂದಿದ್ದಾರೆ, ನಾನು 'ಭೇಷ್' ಎಂದು ಕೇಳಿಸಿಕೊಂಡಿದ್ದೇನೆ.

ಬೇರೆ ಇನ್ನೇನನ್ನು ಹೀಗೆ ಕೇಳಿಸಿಕೊಂಡಿದ್ದೇನೋ. ಶಾಲೆಯಲ್ಲಿ ಮಕ್ಕಳು ನನ್ನ ಸಾರು ಚೆನ್ನಾಗಿದೆ ಅನ್ನುತ್ತಾರೆ. ಅದೂ?

ಜನವರಿ 3, 1989. ಮಂಗಳವಾರ

ಬಟ್ಟೆ ಒಣಹಾಕುತ್ತಿದ್ದೆ. ಆಗ ಹೊಳೆಯಿತು. ಕ್ಲಿಪ್ಪು ಬಾಯಲ್ಲೇ ಇತ್ತು.

ಪ್ಲಗೈನ್‌ನಲ್ಲಿ ಒಂದು ಹಾಡು ಒಂದೇ ಸಲ. ಒಮ್ಮೆ ಯಾರಾದರೂ ಹಾಡಿಬಿಟ್ಟರೆ ಆ ಸಂಜೆಗೆ ಅದು ಮುಗಿಯಿತು. ಯಾವ ಮಟ್ಟಿನಲ್ಲೂ ಬೇರೆಯವರು ಹಾಡುವ ಹಾಗಿಲ್ಲ. ಇದು ಎಲ್ಲರಿಗೂ ಗೊತ್ತು. ಅಪ್ಪನ ಕಾಲದಲ್ಲಿ ಹೀಗೆ ಹಾಡು ಕೈತಪ್ಪಿದವರು ಬೆಂಚಿನಲ್ಲಿ ಕುಳಿತು ಪುಸ್ತಕ ತಿರುವುತ್ತಿದ್ದುದನ್ನು ನೋಡಿದ್ದೇನೆ. 'ಕೊಟ್ಟಿಗೆಯ ಬೆಳಕು' ಮಾತ್ರ ನಮ್ಮೂರಲ್ಲಿ ನಂತ್‌ಗ್ವಿನ್‌ನವರಿಗೆ ಎಂದು ಬಿಟ್ಟಿರುತ್ತಾರೆ. ಮರ್ಯಾದೆಗೆ.

ನಂತ್‌ಗ್ವಿನ್‌ನವರು ಎಂದರೆ ಯಾರು? ನಾನೂ ಅಲ್ಲವೇ?

ಒಬ್ಬರೇ ಹಾಡಬಾರದು ಎಂದು ಎಲ್ಲೂ ಇಲ್ಲ. ಒಬ್ಬೊಬ್ಬರೇ ಹಾಡುವವರು ಇದ್ದಾರೆ.

ಛೆ. ಏನು ಯೋಚನೆ ಇದು. ಕ್ರಿಸ್ತ ಹುಟ್ಟಿದ ಹಾಡು.

ಜನವರಿ 6

ಮೇಲಿನ ದನಿ ನನಗೆ ಏರುವುದಿಲ್ಲ. ಕೆಳದನಿ ಗಂಡಸರದ್ದು. ಒಬ್ಬಳೇ ಹಾಡುವುದಾದರೆ ನನಗೆ ಬರುವುದು ನಡುದನಿ ಒಂದೇ. ಅದು ಹಾಡಿನ ಹಾಗೆ ಕೇಳಿಸುತ್ತದೆಯೇ? ಬೇಲಿಯ ನಡುವಿನ ತಂತಿ ಒಂದನ್ನೇ ಕಿತ್ತು ತಂದ ಹಾಗೆ.

ದನದ ಕೊಟ್ಟಿಗೆಯಲ್ಲಿ ಹಾಡಿ ನೋಡಿದೆ. ಹಸು ತಿರುಗಿ ನೋಡಿತು.

ಜನವರಿ 8. ಭಾನುವಾರ, ಮಧ್ಯಾಹ್ನ 3

ಪ್ಲಗೈನ್ ಆದ ಮೇಲಿನ ಊಟಕ್ಕೆ ಕೊಡುವುದಕ್ಕೆ ಅರವತ್ತು ಹ್ಯಾಮ್ ಸ್ಯಾಂಡ್‌ವಿಚ್ ಮಾಡಿಟ್ಟಿದ್ದೇನೆ. ಬೆಣ್ಣೆ ಹಚ್ಚಿದೆನೋ ಇಲ್ಲವೋ, ಮೂರು ತೆಗೆದು ನೋಡಿದೆ. ಹಚ್ಚಿದ್ದೇನೆ.

ಹೋಗದೇ ಇದ್ದುಬಿಡಲೇ. ಎದೆನೋವು ಎಂದರೆ ಎಲ್ಲರೂ ನಂಬುತ್ತಾರೆ. ಅಕ್ಕ ಮೊದಲು ನಂಬುತ್ತಾಳೆ.

ಗೆಥಿನ್‌ಗೆ ಏನೂ ಹೇಳಿಲ್ಲ. ಆದರೂ ಒಳ್ಳೆಯ ಟೈ ಕಟ್ಟಿಕೊಂಡಿದ್ದಾನೆ.

ಜನವರಿ 9. ಸೋಮವಾರ

ಮಾಡಿದೆ.

ಪಾದ್ರಿ "ಪ್ಲಗೈನ್ ತೆರೆದಿದೆ" ಎಂದರು. ಕುಳಿತೂ ಇರಲಿಲ್ಲ. ನಾನು ಎದ್ದಿದ್ದೆ. ಮೊದಲು ಏಳುವುದು ಯಾರಿಗೂ ಇಷ್ಟವಿಲ್ಲ, ಯಾವಾಗಲೂ ಒಂದೆರಡು ನಿಮಿಷ ಎಲ್ಲರೂ ತಮ್ಮ ಬೂಟು ನೋಡಿಕೊಳ್ಳುತ್ತಾರೆ. ಹಾಗಾಗಿ ನನ್ನ ಹೆಜ್ಜೆ ಸದ್ದು ಇಡೀ ಚರ್ಚಿಗೆ ಕೇಳಿತು. ಮುಂದೆ ನಿಂತು ತಿರುಗಿದೆ. ಅಕ್ಕ ಬಲಗಡೆ ನಾಲ್ಕನೇ ಬೆಂಚು. ಲೋವ್ರಿ, ಎಮ್ರಿಸ್. ಅಕ್ಕ ನಸುನಕ್ಕಳು. ನನಗೆ ಧೈರ್ಯ ತುಂಬುವುದಕ್ಕೆ! ಯಾವುದೋ ಸಣ್ಣ ಹಾಡು ಕಲಿತು ಬಂದಿದ್ದಾಳೆ ಪಾಪ ಎಂದುಕೊಂಡಿರಬೇಕು.

ಮೊದಲ ಸಾಲಿನ ಮಾತು ಬಾಯಿಂದ ಬಿತ್ತು. ಆ ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. ಎಮ್ರಿಸ್ ತಲೆ ಬಗ್ಗಿಸಿದ. ಲಾರಿ ಇರಲಿಲ್ಲ, ಟೈರ್ ಇರಲಿಲ್ಲ.

ಹಾಳೆ ತೆಗೆದುಕೊಂಡು ಹೋಗಿರಲಿಲ್ಲ. ಹನ್ನೊಂದು ಚರಣ. ಕೈ ಎಲ್ಲಿ ಇಡಬೇಕೋ ತಿಳಿಯದೆ ಕೋಟಿನ ಗುಂಡಿ ಹಿಡಿದುಕೊಂಡಿದ್ದೆ. ಮೂರನೇ ಸಾಲು ಬಂತು. ಟೀ ಹಾಡಿದೆ. ಬೇರೆ ಬರುವುದಿಲ್ಲ. ಹಾಡಿ ಕಾದೆ — ಉಜ್ಜಾಟಕ್ಕೆ. ಬರಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲ, ಯಾರಿಗೆ ತಾಗಬೇಕು? ಒಬ್ಬಳೇ ಹಾಡಿದರೆ ಅದು ತಪ್ಪೇ ಅಲ್ಲ. ಸುಮ್ಮನೆ ಒಂದು ಸ್ವರ. ಮೇಲೆ ಹೋಗಿ, ಸ್ವಲ್ಪ ನಿಂತು, ಇಳಿದು ಬರುತ್ತದೆ.

ಆರನೇ ಚರಣದ ಹೊತ್ತಿಗೆ ನೋಡಿದೆ, ಅಕ್ಕ ಅಳುತ್ತಿದ್ದಳು. ಅವಳು ಅಳುವುದನ್ನು ಅಪ್ಪ ಸತ್ತಾಗಲೂ ನೋಡಿರಲಿಲ್ಲ. ನಿಲ್ಲಿಸಬೇಕು ಅನಿಸಲಿಲ್ಲ. ಇದನ್ನು ಬರೆದಿಡಬೇಕು. ನಿಲ್ಲಿಸಬೇಕು ಅನಿಸಲಿಲ್ಲ. ಉಳಿದ ಐದು ಚರಣಗಳನ್ನೂ ಅವಳ ಮುಖ ನೋಡಿಕೊಂಡೇ ಹಾಡಿದೆ.

ವಾಪಸು ಬಂದು ಕುಳಿತೆ. ಗೆಥಿನ್ ನನ್ನ ಕೈಗೆ ಪೆಪ್ಪರ್‌ಮಿಂಟ್ ಕೊಟ್ಟ.

ಅವರ ಸರದಿ ಒಂಬತ್ತನೆಯದೋ ಹತ್ತನೆಯದೋ. ಅಷ್ಟು ಹೊತ್ತೂ ಮೂವರೂ ಪುಸ್ತಕ ತಿರುವುತ್ತಿದ್ದರು, ಪುಟದ ಸದ್ದು ನಮ್ಮ ಬೆಂಚಿನ ತನಕ ಕೇಳುತ್ತಿತ್ತು. ಕೊನೆಗೆ ಎದ್ದು ಚಿಕ್ಕದೊಂದು ಹಾಡಿದರು, ನಾಲ್ಕು ಚರಣ. ಎಮ್ರಿಸ್ ಎರಡು ಕಡೆ ದಾರಿ ತಪ್ಪಿದ. ಲೋವ್ರಿ ಸಂಭಾಳಿಸಿದಳು. ಅಪ್ಪನ ಮಟ್ಟು ಅಪ್ಪ ಬರೆದ ಹಾಗೆ ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ಈ ವರ್ಷ ಕೇಳುವುದೂ ಇಲ್ಲ. ನಾನು ಗೆದ್ದೆನಂತೆ. ಬಾಯಲ್ಲಿ ಪೆಪ್ಪರ್‌ಮಿಂಟ್ ರುಚಿ ಬಿಟ್ಟರೆ ಬೇರೇನೂ ಇರಲಿಲ್ಲ.

ಆಮೇಲೆ ಹಾಲ್‌ನಲ್ಲಿ ಊಟ. ಗೋಡೆ ಪಕ್ಕ ನಿಂತಿದ್ದೆ. ಯಾರಾದರೂ ಬಂದು ಏನಾದರೂ ಅನ್ನುತ್ತಾರೆ, ಅಕ್ಕನಿಗೆ ಹೀಗೆ ಮಾಡಬಹುದಾ ಎಂದು ಕೇಳುತ್ತಾರೆ ಎಂದು ಕಾಯುತ್ತಿದ್ದೆ. ಗೊರೊನ್ವಿ ತಟ್ಟೆ ತುಂಬ ಹಾಕಿಕೊಂಡು ಬಂದ.

"ಟೆಗ್ವೆನ್! ಆ ಮಟ್ಟು ಯಾರದ್ದಮ್ಮಾ?"

ಗೇಲಿ ಎಂದುಕೊಂಡೆ. ಮುಖ ನೋಡಿದೆ. ಗೇಲಿ ಅಲ್ಲ.

"ಮಾತು ನಮ್ಮ ಹಳೇದೇ, ಗೊತ್ತು. ಮಟ್ಟು ಮಾತ್ರ ನಾನು ಕೇಳಿಯೇ ಇಲ್ಲ. ಎಪ್ಪತ್ತೆರಡು ವರ್ಷದಲ್ಲಿ ಒಂದ್ಸಲಾನೂ. ಎಲ್ಲಿತ್ತು ಇದು ಇಷ್ಟ್ ದಿನ?"

ಪಕ್ಕದ ಇಬ್ಬರು ಹೆಂಗಸರು ಹೌದು ಹೌದು ಎಂದರು. ಹೊಸದು. ಎಷ್ಟು ಬೇರೆ ಥರ ಇದೆ ಎಂದರು. ನಂತ್‌ಗ್ವಿನ್‌ದು ಈ ಸಲ ಇಲ್ಲವಾಯಿತಲ್ಲ, ಆ ಚಿವುಟು ಇಲ್ಲದೆ ಕ್ರಿಸ್‌ಮಸ್ ಅನಿಸುವುದಿಲ್ಲ ಎಂದೂ ಅಂದರು. ನನ್ನ ಹತ್ತಿರವೇ.

ಮೂವತ್ತಾರು ವರ್ಷ ಅವರ ಎದುರು ಹಾಡಿದ್ದೇನೆ. ಅದೇ ಸ್ವರಗಳು, ಅದೇ ಬಾಯಿ. ನಡುವೆ ಇದ್ದೆ. ಒಬ್ಬರೂ ಕೇಳಿಲ್ಲ.

ಬಾಯಿ ತೆರೆದೆ. ಅಪ್ಪನದ್ದು ಅನ್ನಲೋ? ಅಪ್ಪ ಇದನ್ನು ಬರೆದಿಲ್ಲ. ನನ್ನದು ಅನ್ನಲೋ? ಅಪ್ಪ ಬರೆದದ್ದೇ ಎಲ್ಲ, ಒಂದು ಅಕ್ಷರ ಬಿಟ್ಟು. ತೊದಲುತ್ತಿದ್ದೆ. ಅಕ್ಕ ಟೀ ಕೆಟಲ್ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಿದ್ದಳು. ಕಣ್ಣು ಕೆಂಪಗಿತ್ತು. ಗೊರೊನ್ವಿಯ ಕಪ್ಪು ತೆಗೆದುಕೊಂಡಳು, ಅರ್ಧ ಬಗ್ಗಿಸಿದಳು.

"ಅವಳದ್ದೇ," ಅಂದಳು.

ಉಳಿದರ್ಧ ಬಗ್ಗಿಸಿದಳು. ನನ್ನ ಕಪ್ಪನ್ನೂ ತುಂಬಿದಳು, ಕೇಳದೆ. ಸಕ್ಕರೆ ಎರಡು ಚಮಚ, ನಾನು ಹಾಕಿಕೊಳ್ಳುವಷ್ಟೇ. ಮುಂದಿನ ಮೇಜಿಗೆ ಹೋದಳು.

ಅವಳದ್ದೇ.

ಇವತ್ತು ಬೆಳಿಗ್ಗೆಯಿಂದ ಅದೇ ತಲೆಯಲ್ಲಿ. ಆ 'ಏ' ಯಾಕೆ ಎಳೆದಳು? ಅಪ್ಪನ ತಲೆಗೆ ಕಟ್ಟಬೇಡಿ, ಈ ಅವಾಂತರವೆಲ್ಲ ಅವಳದ್ದೇ ಎಂದಳೋ? ಅಥವಾ ಕೊಟ್ಟುಬಿಟ್ಟಳೋ — ಇದು ಅವಳ ಸ್ವಂತದ್ದು, ಯಾರೂ ಕೇಳಬೇಡಿ ಎಂದು? ಮತ್ತೆ 'ಇರಲಿ ಪಾಪ'ವೋ? ಗೆಥಿನ್‌ಗೆ ಕೇಳಿದೆ, ಅವಳು ಹೇಳಿದಾಗ ಮುಖ ಹೇಗಿತ್ತು ಎಂದು. "ನಾನು ಹ್ಯಾಮ್ ತಗೋತಿದ್ದೆ," ಅಂದ.

ಫೋನ್ ಹತ್ತಿರ ಎರಡು ಸಲ ಹೋಗಿ ಬಂದೆ. ಮೂರನೇ ಸಲ ನಂಬರ್ ತಿರುಗಿಸಿದೆ. ಎತ್ತಿದಳು. ಅವಳ ಉಸಿರು ಕೇಳುತ್ತಿತ್ತು. ಆಮೇಲೆ ನಾನೇ ಶುರು ಮಾಡಿದೆ, ಹೈಲ್ವೆನ್, ನಿನ್ನೆ ನೀನು 'ಅವಳದ್ದೇ' ಅಂದ್ಯಲ್ಲ, ಅದು ಬೈದಿದ್ದಾ, ಕೊಟ್ಟಿದ್ದಾ, ಎಂದು.